ಸರಕಿನ ಹಿಂದಿನ ಕಥೆ: ಅಂತರಜಾಲ ವ್ಯಾಪಾರಕ್ಕೆ ನಮ್ಮ ನಾಲ್ಕು ಊರುಗಳ ಬಂಡವಾಳ

ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರದಿಂದ ಪ್ರತ್ಯೇಕಗೊಂಡು ಅಸ್ತಿತ್ವಕ್ಕೆ ಬಂದಿತು. ಜಿಲ್ಲೆ ಹೊಸದಾದರೂ ಇಲ್ಲಿನ ವ್ಯಾಪಾರ ಹೊಸದಲ್ಲ. ಶಿಡ್ಲಘಟ್ಟದ ರೇಷ್ಮೆ ನೂಲು, ಚಿಕ್ಕಬಳ್ಳಾಪುರದ ದ್ರಾಕ್ಷಿ ಮತ್ತು ಹೂವು, ಚಿಂತಾಮಣಿಯ ಟೊಮೆಟೊ, ಗೌರಿಬಿದನೂರಿನ ಮೆಕ್ಕೆಜೋಳ ಮತ್ತು ಸಿದ್ಧ ಉಡುಪು ಇವೆಲ್ಲವೂ ಬಹುಕಾಲದಿಂದ ದೂರದ ಊರುಗಳಿಗೆ ಹೋಗುತ್ತಿವೆ. ಆದರೆ ಒಂದು ಸಂಗತಿಯನ್ನು ವರ್ತಕ ಬಂಧುಗಳೆಲ್ಲರೂ ಬಲ್ಲರು. ನಮ್ಮ ಸರಕು ಊರಿನ ಗಡಿ ದಾಟುತ್ತಲೇ ತನ್ನ ಹೆಸರನ್ನು ಕಳೆದುಕೊಳ್ಳುತ್ತದೆ. ಶಿಡ್ಲಘಟ್ಟದಲ್ಲಿ ಬಿಚ್ಚಿದ ನೂಲು ಕಂಚಿ, ಆರಣಿ, ಧರ್ಮಾವರಗಳ ಮಗ್ಗವನ್ನೇರಿ ಆಯಾ ಊರಿನ ಸೀರೆಯಾಗಿ ಮಾರಾಟವಾಗುತ್ತದೆ. ನಂದಿಯ ತಪ್ಪಲಿನ ದ್ರಾಕ್ಷಿಯೂ, ಸಿಂಗಪುರ ಮಲೇಷ್ಯಾಗಳಿಗೆ ಹೋಗುವ ಗುಲಾಬಿ ಈರುಳ್ಳಿಯೂ ಬೆಂಗಳೂರಿನ ಹೆಸರನ್ನು ಹೊತ್ತಿವೆ.

ಹೆಸರಿಲ್ಲದ ಸರಕಿಗೆ ಬೆಲೆಯನ್ನು ಕೊಳ್ಳುವವನು ನಿಗದಿಪಡಿಸುತ್ತಾನೆ. ಹೆಸರಿರುವ ಸರಕಿಗೆ ಮಾರುವವನೂ ಒಂದು ಮಾತು ಹೇಳಬಹುದು. ಅಂತರಜಾಲದ ಮೂಲಕ ವ್ಯಾಪಾರ ಮಾಡುವ ಅವಕಾಶವು ಇಂದು ಸಣ್ಣ ವರ್ತಕರಿಗೂ ದೊರೆತಿರುವಾಗ, ಕಳೆದುಹೋದ ಆ ಹೆಸರನ್ನು ಮರಳಿ ಪಡೆಯುವ ಬಗೆ ಯಾವುದು? ಅದಕ್ಕೆ ಇರುವ ಸಾಧನಗಳಲ್ಲಿ ಅತಿ ಕಡಿಮೆ ಖರ್ಚಿನದು ಸರಕಿನ ಕಥೆಯನ್ನು ಹೇಳುವುದು. ಕಥೆ ಎಂದರೆ ಇಲ್ಲಿ ಕಟ್ಟುಕಥೆಯಲ್ಲ. ಸರಕು ಎಲ್ಲಿ ಹುಟ್ಟಿತು, ಯಾರ ಕೈಯಿಂದ ಹಾದು ಬಂದಿತು, ಯಾವ ಅಡಚಣೆಯನ್ನು ದಾಟಿತು ಎಂಬುದರ ಸತ್ಯವಾದ, ಕ್ರಮಬದ್ಧವಾದ ನಿರೂಪಣೆ.

ಕಥೆ ಏಕೆ ಬೇಕು?

ಅಂಗಡಿಗೆ ಬರುವ ಗ್ರಾಹಕರು ಸೀರೆಯ ಸೆರಗನ್ನು ಕೈಯಿಂದ ಮುಟ್ಟಿ ನೋಡುತ್ತಾರೆ. ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಂಡು ರುಚಿ ನೋಡುತ್ತಾರೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರ ಮುಖವನ್ನು ನೋಡಿ ಇವರನ್ನು ನಂಬಬಹುದೇ ಎಂದು ಅಳೆಯುತ್ತಾರೆ. ಅಂತರಜಾಲದಲ್ಲಿ ಈ ಮೂರೂ ಇಲ್ಲ. ಅಲ್ಲಿ ಇರುವುದು ಒಂದು ಚಿತ್ರ, ಒಂದು ಬೆಲೆ, ನಾಲ್ಕು ಸಾಲು ವಿವರಣೆ. ಅದೇ ಪರದೆಯ ಮೇಲೆ ಅಂತಹುದೇ ಸರಕಿನ ಹತ್ತಾರು ಚಿತ್ರಗಳೂ ಇರುತ್ತವೆ. ಎಲ್ಲ ವಿವರಣೆಗಳೂ ‘ಶುದ್ಧ’, ‘ಉತ್ತಮ ಗುಣಮಟ್ಟ’, ‘ಅತ್ಯಾಕರ್ಷಕ’ ಎಂದೇ ಹೇಳುವಾಗ ಗ್ರಾಹಕನಿಗೆ ಉಳಿಯುವ ಒಂದೇ ಅಳತೆಗೋಲು ಬೆಲೆ. ಬೆಲೆಯ ಪೈಪೋಟಿಯಲ್ಲಿ ಸಣ್ಣ ವರ್ತಕನು ದೊಡ್ಡ ದಾಸ್ತಾನುದಾರನನ್ನು ಗೆಲ್ಲುವುದು ದುಸ್ತರ. ಮುಟ್ಟಿ ನೋಡುವ ಕೈಗೆ, ರುಚಿ ನೋಡುವ ನಾಲಿಗೆಗೆ, ಮುಖ ನೋಡುವ ಕಣ್ಣಿಗೆ ಬದಲಾಗಿ ನಿಲ್ಲಬಲ್ಲ ಏನಾದರೊಂದು ಬೇಕು. ಆ ಸ್ಥಾನವನ್ನು ಕಥೆಯು ಬಹುಮಟ್ಟಿಗೆ ತುಂಬುತ್ತದೆ.

ಇದು ಕೇವಲ ಊಹೆಯ ಮಾತಲ್ಲ. 2009ರಲ್ಲಿ ಅಮೆರಿಕದ ರಾಬ್ ವಾಕರ್ ಮತ್ತು ಜೋಶುವಾ ಗ್ಲೆನ್ ಎಂಬ ಇಬ್ಬರು ಬರಹಗಾರರು ಒಂದು ಪ್ರಯೋಗ ನಡೆಸಿದರು. ಹಳೆಯ ಸಾಮಾನಿನ ಅಂಗಡಿಗಳಿಂದ ಸುಮಾರು ನೂರು ಕ್ಷುಲ್ಲಕ ವಸ್ತುಗಳನ್ನು ಒಟ್ಟು 129 ಡಾಲರ್‌ಗಳಷ್ಟು ಕೊಟ್ಟು ಕೊಂಡರು. ಒಂದೊಂದು ವಸ್ತುವಿಗೂ ಒಬ್ಬೊಬ್ಬ ಲೇಖಕರಿಂದ ಸಣ್ಣ ಕಥೆ ಬರೆಯಿಸಿ, ಅದನ್ನು ವಿವರಣೆಯಾಗಿಟ್ಟು ‘ಇಬೇ’ ಹರಾಜು ತಾಣದಲ್ಲಿ ಮಾರಿದರು. ಬಂದ ಮೊತ್ತ 3,600 ಡಾಲರ್‌ಗೂ ಹೆಚ್ಚು. ವಸ್ತುಗಳಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ. ಅವುಗಳೊಂದಿಗೆ ಕಥೆಯೊಂದು ಸೇರಿತ್ತು, ಅಷ್ಟೆ. ಇನ್ನೊಂದು ಅಂಶವನ್ನೂ ಗಮನಿಸಬೇಕು. ಅವು ಕಲ್ಪಿತ ಕಥೆಗಳೆಂದು ಕೊಳ್ಳುವವರಿಗೆ ಮೊದಲೇ ತಿಳಿಸಲಾಗಿತ್ತು. ಯಾರನ್ನೂ ವಂಚಿಸದೆ ಕಥೆಯು ಮೌಲ್ಯವನ್ನು ಹೆಚ್ಚಿಸಬಲ್ಲದೆಂಬುದಕ್ಕೆ ಇದು ನಿದರ್ಶನ.

ಮನುಷ್ಯನ ಮನಸ್ಸು ಅಂಕಿಅಂಶಕ್ಕಿಂತ ವ್ಯಕ್ತಿಗೆ ಬೇಗ ಸ್ಪಂದಿಸುತ್ತದೆ ಎಂಬುದು ಇದರ ಹಿಂದಿರುವ ಒಂದು ಕಾರಣ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆಫ್ರಿಕಾದ ಹಸಿವಿನ ಅಂಕಿಅಂಶಗಳನ್ನು ಓದಿದವರು ನೀಡಿದ ದೇಣಿಗೆಯ ಸರಾಸರಿಯು 1.14 ಡಾಲರ್ ಆಗಿದ್ದರೆ, ಒಬ್ಬಳು ಬಾಲಕಿಯ ವಿಷಯವನ್ನು ಓದಿದವರ ಸರಾಸರಿಯು 2.38 ಡಾಲರ್ ಆಗಿತ್ತು. ಎರಡನ್ನೂ ಸೇರಿಸಿ ಕೊಟ್ಟಾಗ ಸರಾಸರಿಯು 1.43 ಡಾಲರ್‌ಗೆ ಇಳಿಯಿತು. ವಿವರಣೆಯಲ್ಲಿ ಅಂಕಿಗಳನ್ನು ರಾಶಿ ಹಾಕುವ ವರ್ತಕರು ಈ ಫಲಿತಾಂಶವನ್ನು ಮನನ ಮಾಡುವುದು ಒಳ್ಳೆಯದು.

ಕನ್ನಡ ನಾಡಿನ ಎರಡು ಹಳೆಯ ಪಾಠಗಳು

ಕಥೆಯ ಬಲದಿಂದ ಸರಕು ಬೆಳೆದ ನಿದರ್ಶನಗಳಿಗೆ ನಾವು ಹೊರದೇಶಕ್ಕೇ ಹೋಗಬೇಕಾಗಿಲ್ಲ. ಚಿಕ್ಕಬಳ್ಳಾಪುರ ತಾಲೂಕಿನ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ ಮೊದಲನೆಯ ಮಹಾಯುದ್ಧವು ಆರಂಭವಾಯಿತು. ಯುರೋಪಿಗೆ ಹೋಗುತ್ತಿದ್ದ ಶ್ರೀಗಂಧದ ರಫ್ತು ನಿಂತು, ಮರವು ಸಂಸ್ಥಾನದಲ್ಲಿಯೇ ರಾಶಿ ಬಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1916ರಲ್ಲಿ ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯುವ ಉದ್ಯಮವು ಆರಂಭಗೊಂಡಿತು. ಆ ಎಣ್ಣೆಯಿಂದ ಸಾಬೂನು ತಯಾರಿಸುವ ವಿದ್ಯೆಯನ್ನು ಕಲಿತು ಬರಲು ಎಸ್. ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಹೀಗೆ ಹುಟ್ಟಿದುದು ಮೈಸೂರು ಸ್ಯಾಂಡಲ್ ಸಾಬೂನು. ಅಂಡಾಕಾರದ ಅದರ ರೂಪ, ಪೊಟ್ಟಣದ ಮೇಲಿನ ಆನೆಯ ತಲೆ ಮತ್ತು ಸಿಂಹದ ಮೈಯುಳ್ಳ ಶರಭದ ಚಿಹ್ನೆ, ಅರಮನೆಯ ನಂಟು ಇವೆಲ್ಲವೂ ಸೇರಿ ಸಾಬೂನಿಗೊಂದು ಚರಿತ್ರೆಯನ್ನು ಕಟ್ಟಿಕೊಟ್ಟವು. ಶತಮಾನ ಕಳೆದ ಮೇಲೂ ಗ್ರಾಹಕರು ಆ ಸಾಬೂನಿನೊಂದಿಗೆ ಈ ಚರಿತ್ರೆಯನ್ನೂ ಕೊಳ್ಳುತ್ತಿದ್ದಾರೆ.

ಎರಡನೆಯದು ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್. 1924ರಲ್ಲಿ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಆರಂಭಿಸಿದ ಈ ಉಪಾಹಾರ ಗೃಹವು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಉಂಟಾದಾಗ ರವೆಯಿಂದ ಇಡ್ಲಿ ಮಾಡಿತೆಂಬುದು ಸಂಸ್ಥೆಯೇ ಹೇಳಿಕೊಂಡು ಬಂದಿರುವ ಕಥೆ. ಮುಂದೆ 1970ರ ದಶಕದ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲು ತಿಂಡಿಗಳ ಬೆಲೆ ನಿಯಂತ್ರಣಕ್ಕೊಳಗಾದಾಗ ಸಿದ್ಧ ಮಿಶ್ರಣಗಳ ಪೊಟ್ಟಣ ವ್ಯಾಪಾರಕ್ಕೆ ಅದು ಕೈಹಾಕಿತು. 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆಯು ಎಂ.ಟಿ.ಆರ್. ಫುಡ್ಸ್ ಅನ್ನು ಕೊಂಡುಕೊಂಡಿತು. ಆಗ ಅದು ಕಾರ್ಖಾನೆಯ ಯಂತ್ರಗಳಿಗೆ ಮಾತ್ರ ಬೆಲೆ ಕಟ್ಟಿರಲಾರದು. ಎರಡು ತಲೆಮಾರುಗಳ ನಾಲಿಗೆಯಲ್ಲಿ ಉಳಿದ ಹೆಸರೂ ಆ ಬೆಲೆಯಲ್ಲಿ ಸೇರಿತ್ತೆನ್ನಬಹುದು.

ಈ ಎರಡು ಕಥೆಗಳಿಗೂ ಒಂದು ಸಮಾನ ಲಕ್ಷಣವಿದೆ. ಎರಡೂ ಹುಟ್ಟುವುದು ಸಂಕಷ್ಟದಿಂದ. ರಫ್ತು ನಿಂತಿತು, ಅಕ್ಕಿ ಸಿಗಲಿಲ್ಲ ಎಂಬಲ್ಲಿಂದಲೇ ಅವು ಆರಂಭವಾಗುತ್ತವೆ. ತೊಂದರೆಯನ್ನು ಮುಚ್ಚಿಟ್ಟು ಗುಣಗಾನವನ್ನಷ್ಟೇ ಮಾಡುವ ವಿವರಣೆ ಜಾಹೀರಾತಾಗುತ್ತದೆ. ತೊಂದರೆಯನ್ನು ಹೇಳಿ ಅದನ್ನು ದಾಟಿದ ಬಗೆಯನ್ನು ತಿಳಿಸುವ ವಿವರಣೆ ಕಥೆಯಾಗುತ್ತದೆ.

ನಮ್ಮಲ್ಲಿರುವ ಕಥಾ ಸಾಮಗ್ರಿ

ಶಿಡ್ಲಘಟ್ಟದ ರೇಷ್ಮೆಯನ್ನೇ ಮೊದಲು ತೆಗೆದುಕೊಳ್ಳೋಣ. ಮೈಸೂರು ಸೀಮೆಗೆ ರೇಷ್ಮೆ ಕೃಷಿಯನ್ನು ಟಿಪ್ಪು ಸುಲ್ತಾನನು 18ನೆಯ ಶತಮಾನದ ಕೊನೆಯ ಭಾಗದಲ್ಲಿ ತರಿಸಿದನು. ಅನಂತರ ಜಮ್ಷೆಡ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನಿ ತಜ್ಞರ ನೆರವಿನಿಂದ ರೇಷ್ಮೆ ಫಾರಂ ನಡೆಸಿದರು. ಇಂದು ಶಿಡ್ಲಘಟ್ಟದ ಸರ್ಕಾರಿ ಗೂಡು ಮಾರುಕಟ್ಟೆಯು ರಾಜ್ಯದ ಪ್ರಮುಖ ಗೂಡು ಮಾರುಕಟ್ಟೆಗಳಲ್ಲೊಂದು. ಇದು ಇತಿಹಾಸವಾಯಿತು. ಗ್ರಾಹಕರ ಮನಸ್ಸನ್ನು ಹಿಡಿಯುವುದು ಇದಕ್ಕಿಂತ ಹೆಚ್ಚಾಗಿ ಕೆಲಸದ ವಿವರಗಳು. ಮೊಟ್ಟೆಯೊಡೆದು ಬಂದ ಹುಳುವು ಸುಮಾರು 25 ದಿನಗಳ ಕಾಲ ಹಿಪ್ಪುನೇರಳೆ ಸೊಪ್ಪು ತಿಂದು, ನಾಲ್ಕು ಬಾರಿ ಜ್ವರಕ್ಕೆ ಕುಳಿತು, ಹಣ್ಣಾಗಿ ಚಂದ್ರಿಕೆಯನ್ನೇರುತ್ತದೆ. ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಆ ದಿನಗಳಲ್ಲಿ ಸೊಪ್ಪು ಕೊಡುವ ಹೊತ್ತು ತಪ್ಪಬಾರದು. ಮನೆಯಲ್ಲಿ ಮದುವೆ ಮುಂಜಿಗಳಿದ್ದರೂ ಹುಳುವಿನ ಮನೆಯ ಕೆಲಸ ನಿಲ್ಲಬಾರದು. ಒಂದು ಕಿಲೋ ಕಚ್ಚಾ ರೇಷ್ಮೆಗೆ ತಳಿಯನ್ನನುಸರಿಸಿ ಸುಮಾರು 6ರಿಂದ 8 ಕಿಲೋ ಗೂಡು ಬೇಕು. ಅರ್ಧ ಕಿಲೋ ನೂಲು ಹಿಡಿಯುವ ಸೀರೆಗೆ ಹೆಚ್ಚುಕಡಮೆ ಎರಡು ಸಾವಿರ ಗೂಡುಗಳು ಬಿಸಿನೀರಿನ ಬೋಗುಣಿಯಲ್ಲಿ ಬಿಚ್ಚಿಕೊಂಡಿರುತ್ತವೆ. ಮುಂಬಯಿಯಲ್ಲಿಯೋ ಅಮೆರಿಕದಲ್ಲಿಯೋ ಕುಳಿತು ಸೀರೆ ಕೊಳ್ಳುವ ಗ್ರಾಹಕರಿಗೆ ಇವಾವುದೂ ತಿಳಿಯದು. ನಮಗೆ ದಿನನಿತ್ಯದ ಮಾತಾಗಿರುವುದೇ ಅವರಿಗೆ ಕೌತುಕ.

ಚಿಕ್ಕಬಳ್ಳಾಪುರದ ಸುತ್ತಿನ ನೀಲಿ ದ್ರಾಕ್ಷಿಗೆ ‘ಬೆಂಗಳೂರು ಬ್ಲೂ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕದ ನೋಂದಣಿಯಿದೆ. ಬೀಜವಿರುವ, ಹುಳಿ ಸಿಹಿ ಬೆರೆತ, ಘಮವುಳ್ಳ ಈ ಹಣ್ಣು ಬೀಜರಹಿತ ದ್ರಾಕ್ಷಿಯೊಡನೆ ತಿನ್ನುವ ಹಣ್ಣಾಗಿ ಸ್ಪರ್ಧಿಸುವುದು ಕಷ್ಟ. ಆದರೆ ರಸ, ಜ್ಯಾಮ್ ಮತ್ತು ವೈನುಗಳಿಗೆ ಆ ಘಮವೇ ಗುಣ. ಬೀಜವೇಕೆ ಇದೆ, ಹುಳಿ ಏಕೆ ಇದೆ ಎಂಬುದನ್ನು ಹೇಳಿ ಮಾರಿದರೆ ದೋಷವೆನಿಸಿದ್ದುದು ವಿಶೇಷವೆನಿಸುತ್ತದೆ.

ಗುಲಾಬಿ ಈರುಳ್ಳಿಯ ವಿಷಯವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಈ ಸಣ್ಣ ಕೆಂಪು ಈರುಳ್ಳಿಯು ಹೆಚ್ಚಾಗಿ ರಫ್ತಿಗೆಂದೇ ಬೆಳೆಯುವಂಥದು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು ಈರುಳ್ಳಿ ರಫ್ತಿನ ಮೇಲೆ ಶೇಕಡ 40ರ ಸುಂಕವನ್ನು ವಿಧಿಸಿದಾಗ ಈ ಬೆಳೆಗಾರರೂ ಸಿಕ್ಕಿಬಿದ್ದರು. ಇದು ಬೇರೆಯೇ ಬಗೆಯ ಈರುಳ್ಳಿ, ದೇಶದೊಳಗೆ ಇದರ ಬಳಕೆ ತೀರ ಕಡಿಮೆ ಎಂಬ ವಾದವನ್ನು ಮುಂದಿಟ್ಟ ಮೇಲೆ, ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ, ರಾಜ್ಯದ ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರದ ಷರತ್ತಿನೊಡನೆ ಬೆಂಗಳೂರು ಗುಲಾಬಿ ಈರುಳ್ಳಿಗೆ ಸುಂಕದಿಂದ ವಿನಾಯಿತಿ ದೊರೆಯಿತು. ಹೆಸರು, ಹುಟ್ಟೂರು ಮತ್ತು ಪ್ರಮಾಣ ಈ ಮೂರೂ ಇದ್ದ ಸರಕಿನ ಮಾತನ್ನು ಸರ್ಕಾರವೂ ಕೇಳಬೇಕಾಯಿತು. ಕಥೆಯ ವ್ಯಾವಹಾರಿಕ ಬೆಲೆಯನ್ನು ಅರಿಯಲು ಇದಕ್ಕಿಂತ ಸಮೀಪದ ಉದಾಹರಣೆ ಬೇಕಿಲ್ಲ.

ಚಿಂತಾಮಣಿ ತಾಲೂಕಿನ ಕೈವಾರವು ಯೋಗಿ ನಾರೇಯಣರ ಕ್ಷೇತ್ರ. ಜನರು ತಾತಯ್ಯನೆಂದು ಗೌರವಿಸುವ ಅವರು ಪೂರ್ವಾಶ್ರಮದಲ್ಲಿ ಊರೂರು ಸುತ್ತಿ ಬಳೆ ಮಾರುತ್ತಿದ್ದವರು. ತೆಲುಗು ಕನ್ನಡಗಳೆರಡರಲ್ಲೂ ರಚನೆ ಮಾಡಿದವರು. ಎರಡು ಭಾಷೆಗಳಲ್ಲಿ ವ್ಯವಹರಿಸುವ ಈ ಸೀಮೆಯ ಸ್ವಭಾವವೇ ವರ್ತಕರಿಗೊಂದು ಅನುಕೂಲ. ಗೌರಿಬಿದನೂರಿಗೆ ಸಮೀಪದ ವಿದುರಾಶ್ವತ್ಥವು 1938ರ ಏಪ್ರಿಲ್ 25ರ ಗೋಲಿಬಾರಿನಿಂದ ಸ್ವಾತಂತ್ರ್ಯ ಚಳವಳಿಯ ಚರಿತ್ರೆಯಲ್ಲಿ ಸೇರಿದೆ. ಇಂತಹ ಪವಿತ್ರ ನೆನಪುಗಳನ್ನು ಸರಕಿನ ಪೊಟ್ಟಣಕ್ಕೆ ಅಂಟಿಸುವುದು ಸಲ್ಲದು. ಊರಿನ ಪರಿಚಯ ಹೇಳುವಾಗ ಗೌರವದಿಂದ ಉಲ್ಲೇಖಿಸಬಹುದು. ಹುತಾತ್ಮರ ಹೆಸರಿನಲ್ಲಿ ವ್ಯಾಪಾರ ಕೂಡದು. ಯಾವ ಕಥೆ ಸರಕಿಗೆ ಸೇರಿದುದು, ಯಾವುದು ಊರಿಗೆಲ್ಲ ಸೇರಿದುದು ಎಂಬ ವಿವೇಚನೆ ವರ್ತಕರಿಗೆ ಇರಬೇಕು.

ಕಥೆಯ ಐದು ಅಂಗಗಳು

ಬರವಣಿಗೆಯ ಅಭ್ಯಾಸವಿಲ್ಲದವರೂ ಈ ಐದು ಪ್ರಶ್ನೆಗಳಿಗೆ ಎರಡೆರಡು ವಾಕ್ಯಗಳಲ್ಲಿ ಉತ್ತರಿಸಿದರೆ ಕಥೆಯ ಚೌಕಟ್ಟು ಸಿದ್ಧವಾಗುತ್ತದೆ.

1. ಯಾರು? ಸರಕನ್ನು ತಯಾರಿಸುವವರು ಯಾರು, ಎಷ್ಟು ವರ್ಷಗಳಿಂದ ಈ ಕಸುಬಿನಲ್ಲಿದ್ದಾರೆ.

2. ಎಲ್ಲಿ? ಊರು, ಮಣ್ಣು, ನೀರು, ಹವೆ. ‘ದಕ್ಷಿಣ ಭಾರತದಿಂದ’ ಎನ್ನುವುದಕ್ಕಿಂತ ‘ಶಿಡ್ಲಘಟ್ಟದಿಂದ’ ಎನ್ನುವುದು ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

3. ಅಡಚಣೆ ಯಾವುದು? ಬರ, ಬೆಲೆಯ ಏರಿಳಿತ, ಕೆಲಸದ ಸೂಕ್ಷ್ಮ, ಕಲಿತವರ ಕೊರತೆ ಇತ್ಯಾದಿ.

4. ಅದನ್ನು ದಾಟಿದ ಕ್ರಮ ಯಾವುದು? ನಿಮ್ಮ ಕೆಲಸದ ವೈಶಿಷ್ಟ್ಯವು ಇಲ್ಲಿ ತಾನಾಗಿಯೇ ಹೊರಬರುತ್ತದೆ.

5. ಗ್ರಾಹಕರಿಗೆ ಇದರಿಂದ ಏನು? ಬಾಳಿಕೆಯೋ, ರುಚಿಯೋ, ನಂಬಿಕೆಯೋ. ಬಳಸುವ ಬಗೆ, ಕಾಪಾಡುವ ಬಗೆ.

ಒಂದು ಮಾದರಿಯನ್ನು ನೋಡೋಣ. ರೀಲರ್ ಕುಟುಂಬವೊಂದು ತನ್ನ ನೂಲಿನಿಂದ ನೇಯಿಸಿದ ಸೀರೆಗಳನ್ನು ಅಂತರಜಾಲದಲ್ಲಿ ಮಾರುತ್ತಿದೆ ಎಂದು ಭಾವಿಸೋಣ. ಸಾಮಾನ್ಯವಾಗಿ ಬರೆಯುವ ವಿವರಣೆ ಹೀಗಿರುತ್ತದೆ: ‘ಶುದ್ಧ ರೇಷ್ಮೆ ಸೀರೆ, ಉತ್ತಮ ಗುಣಮಟ್ಟ, ಮದುವೆ ಸಮಾರಂಭಗಳಿಗೆ ಸೂಕ್ತ.’ ಇದನ್ನೇ ಹೀಗೆ ಬರೆಯಬಹುದು: ‘ಈ ಸೀರೆಯ ನೂಲನ್ನು ಶಿಡ್ಲಘಟ್ಟದ ನಮ್ಮ ಮನೆಯ ಘಟಕದಲ್ಲಿಯೇ ಬಿಚ್ಚಿದ್ದೇವೆ. ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಹೊರಬಂದರೆ ಎಳೆ ತುಂಡಾಗುತ್ತದೆ. ಆದುದರಿಂದ ಗೂಡು ಕೊಂಡ ಮೇಲೆ ತಡಮಾಡುವಂತಿಲ್ಲ. ಒಂದು ಸೀರೆಗೆ ಸುಮಾರು ಎರಡು ಸಾವಿರ ಗೂಡು ಹಿಡಿಯುತ್ತದೆ. ಅಲ್ಲಲ್ಲಿ ಎಳೆಯ ದಪ್ಪದಲ್ಲಿ ಅಲ್ಪ ವ್ಯತ್ಯಾಸ ಕಾಣಬಹುದು. ಕೈಕೆಲಸದ ನೂಲಿನಲ್ಲಿ ಅದು ಸಹಜ. ಮೊದಲ ಸಲ ತಣ್ಣೀರಿನಲ್ಲಿ ಮಾತ್ರ ಒಗೆಯಿರಿ.’ ಎರಡನೆಯ ಬರಹದಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. ಆದರೂ ಗ್ರಾಹಕರಿಗೆ ಮಾರುವವರು ಕಸುಬು ಬಲ್ಲವರೆಂದು ತಿಳಿಯುತ್ತದೆ. ಎಳೆಯ ವ್ಯತ್ಯಾಸವನ್ನು ಮೊದಲೇ ಹೇಳಿರುವುದರಿಂದ ಸರಕು ಹಿಂದಿರುಗುವ ಸಂಭವವೂ ಕಡಿಮೆಯಾಗುತ್ತದೆ.

ಎಲ್ಲಿ, ಹೇಗೆ ಹೇಳಬೇಕು?

ಗ್ರಾಹಕರಲ್ಲಿ ಬಹುಮಂದಿ ಮೊಬೈಲ್ ಪರದೆಯಲ್ಲಿ ನೋಡುವವರು. ಅಲ್ಲಿ ಮೊದಲ ಎರಡು ಸಾಲುಗಳಷ್ಟೇ ಕಣ್ಣಿಗೆ ಬೀಳುತ್ತವೆ. ಊರಿನ ಹೆಸರು ಮತ್ತು ಅತಿ ವಿಶೇಷವಾದ ಸಂಗತಿ ಆ ಎರಡು ಸಾಲುಗಳಲ್ಲಿಯೇ ಬರಬೇಕು. ಉಳಿದುದನ್ನು ಕೆಳಗೆ ವಿಸ್ತರಿಸಬಹುದು. ಅಳತೆ, ತೂಕ, ಬೆಲೆ, ಹಿಂದಿರುಗಿಸುವ ಷರತ್ತುಗಳನ್ನು ಕಥೆಯೊಳಗೆ ಬೆರೆಸದೆ ಪ್ರತ್ಯೇಕವಾಗಿ ಕೊಡಬೇಕು. ಅವನ್ನು ಹುಡುಕಿ ತೆಗೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಚಿತ್ರೀಕರಣಕ್ಕೆ ದುಬಾರಿ ಉಪಕರಣ ಬೇಕಾಗಿಲ್ಲ. ಚಂದ್ರಿಕೆಯಿಂದ ಗೂಡು ಬಿಡಿಸುವುದು, ನೂಲು ರಾಟೆಗೆ ಏರುವುದು, ದ್ರಾಕ್ಷಿಯ ಚಪ್ಪರದಡಿಯ ಬೆಳಗಿನ ಕಟಾವು ಇವನ್ನು ಅರ್ಧ ನಿಮಿಷದ ದೃಶ್ಯವಾಗಿ ಮೊಬೈಲಿನಲ್ಲಿಯೇ ತೆಗೆಯಬಹುದು. ಕೆಲಸಗಾರರ ಮುಖ ತೋರಿಸುವುದಾದರೆ ಅವರ ಒಪ್ಪಿಗೆ ಪಡೆಯುವುದು ಕರ್ತವ್ಯ. ಅವರ ದುಡಿಮೆಯ ಕಥೆಯಿಂದ ಬಂದ ಲಾಭದಲ್ಲಿ ಅವರಿಗೂ ಏನಾದರೂ ಸಲ್ಲುವಂತಾದರೆ ಕಥೆಗೆ ನಿಜವಾದ ಬೆಲೆ ಬರುತ್ತದೆ.

ಸರಕಿನ ಪೊಟ್ಟಣದೊಳಗೆ ಒಂದು ಸಣ್ಣ ಚೀಟಿಯನ್ನು ಇಡುವುದು ಅತ್ಯಂತ ಅಗ್ಗದ, ಅತ್ಯಂತ ಫಲಕಾರಿಯಾದ ಉಪಾಯ. ಜಾಲತಾಣದಲ್ಲಿ ಓದದೆ ಬಿಟ್ಟ ಕಥೆಯನ್ನು ಗ್ರಾಹಕರು ಪೊಟ್ಟಣ ಬಿಚ್ಚುವಾಗ ಓದುತ್ತಾರೆ, ಪಕ್ಕದವರಿಗೂ ಹೇಳುತ್ತಾರೆ. ಭಾಷೆಯ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಹಿಂಜರಿಕೆ ಬೇಡ. ಹಿಂದೂಪುರ ಗೌರಿಬಿದನೂರಿಗೆ ಸಮೀಪವೇ ಇದೆ. ಅಲ್ಲಿಯವರಿಗೆ ತೆಲುಗಿನಲ್ಲಿ, ಬೆಂಗಳೂರಿನವರಿಗೆ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರೆಯಬಹುದು. ಪದಕ್ಕೆ ಪದ ಅನುವಾದಿಸುವುದಕ್ಕಿಂತ ಆಯಾ ಭಾಷೆ ಬಲ್ಲವರಿಂದ ಹೊಸದಾಗಿ ಹೇಳಿಸುವುದು ಮೇಲು.

ಸತ್ಯವೇ ಕಥೆಯ ಬುನಾದಿ

ಗೌರಿಬಿದನೂರು ತಾಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ನಾಡಿಗೇ ಕಲಿಸಿದವರು. ಇಂದಿನ ಗ್ರಾಹಕರು ಹಾಗೆಯೇ ಪ್ರಶ್ನಿಸುತ್ತಾರೆ. ಪ್ರಶ್ನೆಗೆ ಉತ್ತರ ಕೊಡಲಾಗದ ಕಥೆಯನ್ನು ಹೇಳದಿರುವುದೇ ಕ್ಷೇಮ. ಇದು ನೀತಿಯ ಮಾತಷ್ಟೇ ಅಲ್ಲ, ಕಾನೂನಿನ ಮಾತೂ ಹೌದು.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರರು ಗ್ರಾಹಕರ ಸೋಗಿನಲ್ಲಿ ತಮ್ಮ ಸರಕಿನ ಬಗ್ಗೆ ತಾವೇ ಅಭಿಪ್ರಾಯ ಬರೆಯುವಂತಿಲ್ಲ. ಕಥೆಯನ್ನು ಮೆಚ್ಚಿ ಬರೆದ ಗ್ರಾಹಕರ ಪತ್ರಗಳು ನಿಜವಾಗಿಯೂ ಗ್ರಾಹಕರದೇ ಆಗಿರಬೇಕು.

ಊರಿನ ಹೆಸರನ್ನು ಬಳಸುವಾಗಲೂ ಎಚ್ಚರ ಬೇಕು. 1999ರ ಭೌಗೋಳಿಕ ಸೂಚಕಗಳ ಕಾಯಿದೆಯು 2003ರಿಂದ ಜಾರಿಯಲ್ಲಿದೆ. ‘ಮೈಸೂರು ಸಿಲ್ಕ್’ ಎಂಬ ಹೆಸರಿನ ನೋಂದಣಿಯು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದು; ಕಾಂಚೀಪುರದ ರೇಷ್ಮೆಗೂ ಪ್ರತ್ಯೇಕ ನೋಂದಣಿಯಿದೆ. ಶಿಡ್ಲಘಟ್ಟದ ನೂಲಿನಿಂದ ಬೇರೆಡೆ ನೇಯ್ದ ಸೀರೆಗೆ ಈ ಹೆಸರುಗಳನ್ನು ಇಡುವಂತಿಲ್ಲ. ‘ನೂಲು ಶಿಡ್ಲಘಟ್ಟದ್ದು, ನೇಯ್ಗೆ ಇಂತಹ ಊರಿನದು’ ಎಂದು ಇದ್ದುದನ್ನು ಇದ್ದಂತೆ ಹೇಳುವುದೇ ಸರಿಯಾದ ದಾರಿ. ನಮ್ಮ ಊರಿನ ಹೆಸರು ಬೆಳಗುವುದೂ ಆ ದಾರಿಯಲ್ಲಿಯೇ. ‘ಬೆಂಗಳೂರು ಬ್ಲೂ’ ದ್ರಾಕ್ಷಿಯಂತಹ ನೋಂದಾಯಿತ ಸರಕುಗಳ ಬೆಳೆಗಾರರು ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಿಕೊಂಡರೆ ಕಥೆಗೆ ಕಾನೂನಿನ ಬೆಂಬಲವೂ ದೊರೆಯುತ್ತದೆ. ರೇಷ್ಮೆಯ ಶುದ್ಧತೆಗೆ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಜಾರಿಗೆ ಬಂದ ಸಿಲ್ಕ್ ಮಾರ್ಕ್ ಚೀಟಿಯಿದೆ. ಖಾದ್ಯ ಪದಾರ್ಥಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಕಡ್ಡಾಯ. ರೋಗ ವಾಸಿಯಾಗುತ್ತದೆಂಬ ಕಥೆಗಳನ್ನು ಆಹಾರದ ಪೊಟ್ಟಣದ ಮೇಲೆ ಹೇಳುವುದು ಅಪರಾಧಕ್ಕೆ ದಾರಿಯಾದೀತು. ರಾಗಿ ಹುರಿಹಿಟ್ಟು ಅಜ್ಜಿ ಮಾಡುತ್ತಿದ್ದ ಬಗೆಯಲ್ಲಿ ಮಾಡಿದ್ದು ಎಂಬುದು ಕಥೆ. ಅದು ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತದೆ ಎಂಬುದು ಸುಳ್ಳು ಪ್ರಚಾರ.

ಫಲಿತಾಂಶವನ್ನು ಅಳೆಯುವ ಬಗೆ

ಮೆಚ್ಚುಗೆಗಳ ಸಂಖ್ಯೆಯನ್ನು ನೋಡಿ ಮರುಳಾಗಬಾರದು. ಮೆಚ್ಚಿದವರೆಲ್ಲ ಕೊಳ್ಳುವುದಿಲ್ಲ. ನಾಲ್ಕು ಲೆಕ್ಕಗಳನ್ನು ತಿಂಗಳಿಗೊಮ್ಮೆ ಖಾತೆಯಲ್ಲಿ ಬರೆದಿಟ್ಟರೆ ಸಾಕು: ನೋಡಿದವರಲ್ಲಿ ಕೊಂಡವರೆಷ್ಟು, ಹಿಂದಿರುಗಿದ ಸರಕೆಷ್ಟು, ಎರಡನೆಯ ಸಲ ಕೊಂಡವರೆಷ್ಟು, ಒಂದು ಆರ್ಡರಿಗೆ ತಗುಲಿದ ಪ್ರಚಾರದ ಖರ್ಚೆಷ್ಟು. ಉದಾಹರಣೆಗೆ, ಸಾವಿರ ಮಂದಿ ನೋಡಿದಾಗ 20 ಮಂದಿ ಕೊಂಡು ಅದರಲ್ಲಿ 5 ಸರಕು ಹಿಂದಿರುಗಿದರೆ ನಿಂತ ಮಾರಾಟ 15. ಕಥೆಯನ್ನು ಸರಿಪಡಿಸಿದ ಮೇಲೆ ಅದೇ 20 ಮಂದಿ ಕೊಂಡು 2 ಮಾತ್ರ ಹಿಂದಿರುಗಿದರೆ ನಿಂತ ಮಾರಾಟ 18. ಕೊಳ್ಳುವವರ ಸಂಖ್ಯೆ ಹೆಚ್ಚದಿದ್ದರೂ ವ್ಯಾಪಾರ ಶೇಕಡ 20ರಷ್ಟು ವೃದ್ಧಿಯಾಯಿತು. ಹೋಗಿಬರುವ ಸಾಗಣೆಯ ಖರ್ಚೂ ಉಳಿಯಿತು. ಹಳೆಯ ವಿವರಣೆ ಮತ್ತು ಹೊಸ ವಿವರಣೆಗಳನ್ನು ಒಂದೇ ಬೆಲೆಯಲ್ಲಿ, ಸಮಾನ ಅವಧಿಗೆ ಇಟ್ಟು ಹೋಲಿಸಿದರೆ ಫಲಿತಾಂಶ ಸ್ಪಷ್ಟವಾಗುತ್ತದೆ. ಹಬ್ಬದ ತಿಂಗಳನ್ನು ಸಾಧಾರಣ ತಿಂಗಳಿನೊಡನೆ ಹೋಲಿಸಬಾರದು.

ಕಥೆಗೂ ಮಿತಿಯಿದೆ ಎಂಬುದನ್ನು ಮರೆಯುವಂತಿಲ್ಲ. ಸಗಟು ಮಾರುಕಟ್ಟೆಯಲ್ಲಿ ಆಯಾ ದಿನದ ಆವಕದಿಂದ ಬೆಲೆ ನಿಗದಿಯಾಗುವ ಹಸಿ ಟೊಮೆಟೊಗೆ ಕಥೆ ಹೆಚ್ಚೇನೂ ಮಾಡದು. ಅದನ್ನೇ ಒಣಗಿಸಿ, ಉಪ್ಪಿನಕಾಯಿಯಾಗಿಯೋ ಗೊಜ್ಜಾಗಿಯೋ ಮಾಡಿ ತಿಂಗಳುಗಟ್ಟಲೆ ಇಡುವಂತಾದಾಗ ಕಥೆಗೆ ಅವಕಾಶ ದೊರೆಯುತ್ತದೆ. ಕೆಟ್ಟ ಸರಕನ್ನು ಒಳ್ಳೆಯ ಕಥೆಯು ಒಂದು ಸಲ ಮಾರಬಲ್ಲದು. ಎರಡನೆಯ ಸಲ ಮಾರಲಾರದು. ಬೇಡಿಕೆ ಬಂದ ಮೇಲೆ ಹೊತ್ತಿಗೆ ಸರಿಯಾಗಿ ಸರಕು ತಲುಪದಿದ್ದರೆ ಕಥೆಯೇ ನಗೆಪಾಟಲಾಗುತ್ತದೆ.

ಸಂಘಟಿತವಾಗಿ ಮಾಡಬಹುದಾದುದು

ಒಬ್ಬ ವರ್ತಕರು ತಮ್ಮ ಅಂಗಡಿಯ ಕಥೆಯನ್ನು ಹೇಳಬಲ್ಲರು. ಊರಿನ ಕಥೆಯನ್ನು ಹೇಳಲು ಎಲ್ಲರೂ ಸೇರಬೇಕು. ಶಿಡ್ಲಘಟ್ಟದ ರೀಲರುಗಳು, ಚಿಕ್ಕಬಳ್ಳಾಪುರದ ಹಣ್ಣು ಹೂವಿನ ವರ್ತಕರು, ಚಿಂತಾಮಣಿ ಗೌರಿಬಿದನೂರುಗಳ ಆಹಾರ ಸಂಸ್ಕರಣೆಯವರು ಮತ್ತು ಉಡುಪು ತಯಾರಕರು ಒಂದೆಡೆ ಕಲೆತು ಚಿತ್ರಗಳನ್ನೂ ಹಿರಿಯ ಕಸುಬುದಾರರ ಮಾತುಗಳನ್ನೂ ಸಂಗ್ರಹಿಸಿದರೆ, ಅದು ಸದಸ್ಯರೆಲ್ಲರೂ ಬಳಸಬಹುದಾದ ಭಂಡಾರವಾಗುತ್ತದೆ. ಚಿಂತಾಮಣಿಯ ರೇಷ್ಮೆ ಕೃಷಿ ಮಹಾವಿದ್ಯಾಲಯದಂತಹ ಸಂಸ್ಥೆಗಳಿಂದ ಶಾಸ್ತ್ರೀಯ ವಿವರಗಳನ್ನು ಪಡೆದು ಸರಿನೋಡಬಹುದು. ಚರಕದಲ್ಲಿ ನೂಲು ತೆಗೆದು ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಅನುಭವವನ್ನು ಈಗ ಬರೆದಿಡದಿದ್ದರೆ ಮುಂದೆ ಹೇಳಲು ಕಥೆಯೇ ಉಳಿಯದು.

ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ನಮ್ಮ ಜಿಲ್ಲೆಯ ಗಡಿಗೆ ಹತ್ತಿರದಲ್ಲಿಯೇ ಇದೆ. ಇಂದು ಸಂಜೆ ಕಟ್ಟಿದ ಪೊಟ್ಟಣವು ಮರುದಿನ ದೇಶದ ಇನ್ನೊಂದು ತುದಿಯನ್ನು ಮುಟ್ಟುವ ಕಾಲ ಬಂದಿದೆ. ಸರಕು ಸಾಗುವ ಮಾರ್ಗ ಸಿದ್ಧವಾಗಿರುವಾಗ ಅದರೊಡನೆ ನಮ್ಮ ಊರಿನ ಹೆಸರೂ ಸಾಗಬೇಕು. ಸದಸ್ಯರು ಈ ತಿಂಗಳು ತಮ್ಮ ಅಂಗಡಿಯ ಒಂದೇ ಒಂದು ಸರಕನ್ನು ಆಯ್ದು, ಮೇಲೆ ಹೇಳಿದ ಐದು ಪ್ರಶ್ನೆಗಳಿಗೆ ಉತ್ತರ ಬರೆದು ನೋಡಲಿ. ಹತ್ತು ವಾಕ್ಯಗಳ ಆ ಬರಹಕ್ಕೆ ತಗುಲುವ ಖರ್ಚು ಒಂದು ಸಂಜೆಯ ಬಿಡುವು ಮಾತ್ರ.